ಮನೆಯಲ್ಲೇ ರೋಗಿಯ ಆರೈಕೆ: ಸೋಂಕು ಉಳಿದವರಿಗೆ ದಾಟದ ಹಾಗೆ ನೋಡಿಕೊಳ್ಳುವುದು ಹೇಗೆ?

ಮಳೆಗಾಲ ಸುರುವಾದರೆ ಸಾಕು, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳ ಕಡೆಯ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಮನೆಯಲ್ಲಿ ಒಬ್ಬರು ಮಲಗಿದ್ದಾರೆ. ಸಣ್ಣ ಮಕ್ಕಳಿದ್ದಾರೆ, ಅಜ್ಜಿ ಇದ್ದಾರೆ. ಅವರಿಗೆಲ್ಲ ಹರಡದ ಹಾಗೆ ಏನು ಮಾಡುವುದು?’ ಒಬ್ಬರ ಮನೆಯಲ್ಲಿ ಅದು ಜ್ವರ, ಇನ್ನೊಬ್ಬರಲ್ಲಿ ಕಾಮಾಲೆ, ಮತ್ತೊಬ್ಬರಲ್ಲಿ ಚಿಕನ್‌ಪಾಕ್ಸ್ ಅಥವಾ ಕ್ಷಯ. ಆರೋಗ್ಯದ ಕರಪತ್ರಗಳು ನಮ್ಮಲ್ಲಿ ಹೆಚ್ಚಾಗಿ ಮಲಯಾಳದಲ್ಲೇ ಸಿಗುತ್ತವೆ. ಮನೆಯಲ್ಲಿ ಆರೈಕೆ ಮಾಡುವ ಅಮ್ಮನಿಗೋ ಅತ್ತೆಗೋ ಅದನ್ನು ಓದಲು ಬರುವುದಿಲ್ಲ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಬೇಕಾದರೆ ಇದನ್ನು ತೆಗೆದಿಟ್ಟುಕೊಳ್ಳಿ.

ಮೊದಲೇ ಒಂದು ಮಾತು. ಪ್ರತಿಯೊಂದು ಸೋಂಕಿಗೂ ಒಬ್ಬರಿಂದ ಒಬ್ಬರಿಗೆ ಹೋಗಲು ಅದರದ್ದೇ ಒಂದು ದಾರಿ ಇದೆ. ಆ ದಾರಿ ಯಾವುದೆಂದು ತಿಳಿದು ಅಲ್ಲಿ ತಡೆ ಹಾಕಬೇಕು. ದಾರಿ ಗೊತ್ತಿಲ್ಲದಿದ್ದರೆ ಎರಡು ಅನಾಹುತ ಆಗುತ್ತದೆ. ತಡೆಯಬೇಕಾದ ಕಡೆ ತಡೆಯುವುದಿಲ್ಲ. ಬೇಡದ ಕಡೆ ಹೆದರಿ, ಮಲಗಿದ ಮನುಷ್ಯನನ್ನು ಒಂಟಿ ಮಾಡಿಬಿಡುತ್ತೇವೆ. ಕ್ಷಯ ಬಂದವರ ತಟ್ಟೆ ಲೋಟ ಬೇರೆ ಇಡುತ್ತಾರೆ, ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಟಿವಿ ನೋಡುತ್ತಾರೆ. ಕ್ಷಯ ಹರಡುವುದು ಗಾಳಿಯಲ್ಲಿ, ತಟ್ಟೆಯಲ್ಲಿ ಅಲ್ಲ.

ಮನೆಯಲ್ಲಿ ಇರಬೇಕಾದ ಸಾಮಾನು

ಸಾಬೂನು. ಮೂರು ಪದರದ ಸರ್ಜಿಕಲ್ ಮಾಸ್ಕ್, ಜೊತೆಗೆ ನಾಲ್ಕೈದು ಎನ್95 ಮಾಸ್ಕ್. ಬಳಸಿ ಬಿಸಾಡುವ ಗ್ಲೌಸ್ ಒಂದು ಪೆಟ್ಟಿಗೆ, ತೊಳೆದು ಮತ್ತೆ ಬಳಸುವ ದಪ್ಪ ರಬ್ಬರ್ ಗ್ಲೌಸ್ ಒಂದು ಜೊತೆ. ಬ್ಲೀಚಿಂಗ್ ಪೌಡರ್. ಮುಚ್ಚಳ ಇರುವ ಕಸದ ಡಬ್ಬಿ. ರೋಗಿಗೆಂದೇ ಒಂದು ಬಕೆಟ್, ಒಂದು ಮಗ್, ಎರಡು ಬೈರಾಸು. ಜ್ವರ ನೋಡಲು ಥರ್ಮಾಮೀಟರ್. ಉಸಿರಾಟದ ಕಾಯಿಲೆಯಾದರೆ ಪಲ್ಸ್ ಆಕ್ಸಿಮೀಟರ್, ಅಂದರೆ ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತೋರಿಸುವ ಸಾಧನ. ಇಷ್ಟು ಸಾಕು. ದುಬಾರಿ ಸ್ಪ್ರೇ, ಯಂತ್ರ ಯಾವುದೂ ಬೇಡ.

ಹಂತ 1: ರೋಗ ಯಾವ ದಾರಿಯಲ್ಲಿ ಹರಡುತ್ತದೆ ಎಂದು ಡಾಕ್ಟರರನ್ನೇ ಕೇಳಿ

ಮಂಗಳೂರಿನ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬರುವಾಗ ಇರಲಿ, ಊರಿನ ಆರೋಗ್ಯ ಕೇಂದ್ರದಲ್ಲಿ ಚೀಟಿ ಬರೆಸಿಕೊಳ್ಳುವಾಗ ಇರಲಿ, ಮೂರು ಪ್ರಶ್ನೆ ತಪ್ಪದೆ ಕೇಳಿ. ಇದು ಹರಡುತ್ತದಾ? ಯಾವುದರ ಮೂಲಕ? ಎಷ್ಟು ದಿನದ ತನಕ? ಉತ್ತರವನ್ನು ಚೀಟಿಯ ಹಿಂದೆ ಬರೆದುಕೊಳ್ಳಿ. ನಮ್ಮ ಕಡೆ ಜಾಸ್ತಿ ಕಾಣುವ ಕಾಯಿಲೆಗಳ ದಾರಿ ಹೀಗಿದೆ.

ಉಸಿರು, ಕೆಮ್ಮು, ಸೀನು: ಫ್ಲೂ, ಕೋವಿಡ್, ಕ್ಷಯ, ದಡಾರ, ಚಿಕನ್‌ಪಾಕ್ಸ್. ಚಿಕನ್‌ಪಾಕ್ಸ್ ಗುಳ್ಳೆಯ ನೀರಿನಿಂದಲೂ ಹರಡುತ್ತದೆ. ಸರ್ಪಸುತ್ತು ಬಂದವರ ಗುಳ್ಳೆ ಮುಟ್ಟಿದರೆ, ಮೊದಲು ಚಿಕನ್‌ಪಾಕ್ಸ್ ಬಾರದವರಿಗೆ ಚಿಕನ್‌ಪಾಕ್ಸ್ ಬರಬಹುದು.

ಮಲದಿಂದ ಕೈಗೆ, ಕೈಯಿಂದ ಬಾಯಿಗೆ: ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ತರುವ ಹೆಪಟೈಟಿಸ್ ಎ. ನೀರು ಮತ್ತು ಊಟದ ಮೂಲಕವೂ ಇದೇ ದಾರಿ.

ರಕ್ತ: ಹೆಪಟೈಟಿಸ್ ಬಿ, ಸಿ. ಇಲ್ಲಿ ಜಾಗ್ರತೆ ಬೇಕಾದದ್ದು ಸೂಜಿ, ಬ್ಲೇಡು, ಟೂತ್‌ಬ್ರಷ್, ಗಾಯ. ಒಟ್ಟಿಗೆ ಕೂತು ಉಂಡರೆ ಬರುವುದಿಲ್ಲ.

ಚರ್ಮ ತಾಗುವುದು: ಕಜ್ಜಿ. ಕೆಂಗಣ್ಣು ಕೈ ಮತ್ತು ಬೈರಾಸಿನ ಮೂಲಕ ದಾಟುತ್ತದೆ.

ಸೊಳ್ಳೆ: ಡೆಂಗಿ, ಮಲೇರಿಯ. ಇವು ರೋಗಿಯನ್ನು ಮುಟ್ಟಿದರೆ ಬರುವುದಿಲ್ಲ. ಆದರೆ ಡೆಂಗಿ ಜ್ವರದ ಮೊದಲ ದಿನಗಳಲ್ಲಿ ರೋಗಿಗೆ ಕಚ್ಚಿದ ಸೊಳ್ಳೆ ಆಮೇಲೆ ಮನೆಯವರಿಗೆ ಕಚ್ಚಿ ಹರಡುತ್ತದೆ. ಡೆಂಗಿ ಸೊಳ್ಳೆ ಹಗಲಲ್ಲಿ ಕಚ್ಚುವುದು. ಅದಕ್ಕೇ ರೋಗಿ ಹಗಲಿನಲ್ಲೂ ಸೊಳ್ಳೆಪರದೆಯ ಒಳಗೆ ಮಲಗಬೇಕು. ತೋಟದಲ್ಲಿ ಬಿದ್ದ ಅಡಕೆ ಹಾಳೆ, ಗೆರಟೆ, ರಬ್ಬರ್ ಹಾಲಿನ ಕಪ್ಪು, ಫ್ರಿಜ್ಜಿನ ಹಿಂದಿನ ತಟ್ಟೆ, ಇವುಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲಿ.

ಇಲಿಜ್ವರದ ಬಗ್ಗೆಯೂ ತುಂಬ ಜನ ಕೇಳುತ್ತಾರೆ. ಅದು ಇಲಿಯ ಮೂತ್ರ ಸೇರಿದ ಕೆಸರು ನೀರಿನಿಂದ ಬರುವುದು. ರೋಗಿಯ ಆರೈಕೆ ಮಾಡಿದವರಿಗೆ ಬರುವುದು ತೀರಾ ಅಪರೂಪ. ಸುಮ್ನೆ ಹೆದರಬೇಡಿ. ಆದರೆ ರೋಗಿಯ ಜೊತೆ ಅದೇ ಗದ್ದೆ, ಅದೇ ತೋಟದಲ್ಲಿ ಕೆಲಸ ಮಾಡಿದವರು ಆರೋಗ್ಯ ಕೇಂದ್ರಕ್ಕೆ ಹೋಗಿ, ಮುಂಜಾಗ್ರತೆಯ ಮಾತ್ರೆ ಬೇಕಾ ಎಂದು ಕೇಳಲೇಬೇಕು.

ಹಂತ 2: ಆರೈಕೆಗೆ ಒಬ್ಬರನ್ನು ಗೊತ್ತು ಮಾಡಿ

ಕೂಡುಕುಟುಂಬದಲ್ಲಿ ಎಲ್ಲರೂ ಪ್ರೀತಿಯಿಂದ ಓಡಾಡುತ್ತಾರೆ. ಬೆಳಿಗ್ಗೆ ಅತ್ತೆ ಗಂಜಿ ಕೊಟ್ಟರು, ಮಧ್ಯಾಹ್ನ ಸೊಸೆ ಮೈ ಒರೆಸಿದಳು, ರಾತ್ರಿ ಮಗ ಪಕ್ಕದಲ್ಲಿ ಮಲಗಿದ. ಹೀಗಾದರೆ ಮೂವರಿಗೂ ಅಪಾಯ. ಹರಡುವ ದಿನಗಳಲ್ಲಿ ಒಬ್ಬರೇ ನೋಡಿಕೊಳ್ಳಲಿ. ಅವರಿಗೆ ಸುಸ್ತಾದಾಗ ಬದಲಿಗೆ ಇನ್ನೊಬ್ಬರು ಇರಲಿ.

ಆ ಒಬ್ಬರು ಗರ್ಭಿಣಿ ಆಗಿರಬಾರದು. ಮುದುಕರು, ಡಯಾಬಿಟಿಸ್ ಹತೋಟಿಯಲ್ಲಿ ಇಲ್ಲದವರು, ಕಿಮೋಥೆರಪಿ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಬೇಡ. ಚಿಕನ್‌ಪಾಕ್ಸ್ ಆದರೆ ಅದು ಮೊದಲೇ ಬಂದು ಹೋದವರು ಅಥವಾ ಲಸಿಕೆ ತೆಗೆದುಕೊಂಡವರು ಒಳ್ಳೆಯದು. ಚಿಕನ್‌ಪಾಕ್ಸ್ ಬಾರದ ಗರ್ಭಿಣಿ ಅದೇ ಮನೆಯಲ್ಲಿದ್ದರೆ ಗುಳ್ಳೆ ಕಂಡ ದಿನವೇ ಅವರ ಡಾಕ್ಟರಿಗೆ ಫೋನ್ ಮಾಡಿ. ‘ನಾಳೆ ನೋಡುವಾ’ ಎಂದು ಕೂರಬೇಡಿ.

ಹಂತ 3: ಕೋಣೆ ಮತ್ತು ಗಾಳಿ

ಉಸಿರಿನ ದಾರಿಯ ಕಾಯಿಲೆಗೆ ಗಾಳಿಯೇ ದೊಡ್ಡ ಮದ್ದು. ರೋಗಿಗೆ ಹೊರಗಿನ ಗೋಡೆಗೆ ಕಿಟಕಿ ಇರುವ ಕೋಣೆ ಕೊಡಿ. ಹಳೆ ಮನೆಗಳ ನಡುಕೋಣೆ ಬೇಡ, ಅಲ್ಲಿ ಬೆಳಕೂ ಇಲ್ಲ, ಗಾಳಿಯೂ ಇಲ್ಲ. ಕಿಟಕಿ ತೆರೆದಿಡಿ, ಒಳಮನೆಯ ಕಡೆಗಿನ ಬಾಗಿಲು ಹಾಕಿಡಿ. ಟೇಬಲ್ ಫ್ಯಾನ್ ಇದ್ದರೆ ಕಿಟಕಿಯ ಹತ್ತಿರ ಹೊರಮುಖ ಮಾಡಿ ಇಡಿ, ಕೋಣೆಯ ಗಾಳಿ ಹೊರಗೆ ಹೋಗಲಿ. ರೋಗಿಯ ಕಡೆಯಿಂದ ಬಾಗಿಲ ಕಡೆಗೆ ಗಾಳಿ ಬೀಸುವ ಹಾಗೆ ಇಟ್ಟರೆ ಮನೆಯೊಳಗೆಲ್ಲ ಹರಡಿದ ಹಾಗೆ ಆಗುತ್ತದೆ. ಏಸಿ ಹಾಕಿ ಕಿಟಕಿ ಮುಚ್ಚುವುದು ಬೇಡವೇ ಬೇಡ.

‘ಮುಸ್ಸಂಜೆ ಕಿಟಕಿ ತೆರೆದರೆ ಸೊಳ್ಳೆ ಬರುತ್ತದಲ್ಲ?’ ಹೌದು, ಬರುತ್ತದೆ. ಕಿಟಕಿಗೆ ಬಲೆ ಹೊಡೆಸಿ. ಆಗದಿದ್ದರೆ ರೋಗಿಗೆ ಸೊಳ್ಳೆಪರದೆ ಕಟ್ಟಿ ಕಿಟಕಿ ತೆರೆದೇ ಇಡಿ. ಮಳೆ ಎರಚಲು ಬಂದರೆ ಮೇಲಿನ ಅರ್ಧ ಕಿಟಕಿಯಾದರೂ ತೆರೆದಿರಲಿ. ಹಗಲು ಮಳೆ ಬಿಟ್ಟಾಗ, ಎದ್ದು ಕೂರಲು ಆಗುವವರಾದರೆ, ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿ. ಜಗಲಿಯಲ್ಲಿ ಸ್ವಲ್ಪ ದೂರ ಕೂತು ಮಾತಾಡುವುದು ಮುಚ್ಚಿದ ಕೋಣೆಯಲ್ಲಿ ಕೂರುವುದಕ್ಕಿಂತ ಎಷ್ಟೋ ಸುರಕ್ಷಿತ. ರೋಗಿಯ ಮನಸ್ಸಿಗೂ ಹಿತ.

ಕೋಣೆಗೆ ಧೂಪ, ಲೋಬಾನದ ಹೊಗೆ ಹಾಕುವ ಕ್ರಮ ತುಂಬ ಮನೆಗಳಲ್ಲಿದೆ. ಹೊಗೆ ಹಾಕಿದರೆ ಕೋಣೆಯ ಸೋಂಕು ಹೋಯಿತು ಎಂದು ನಂಬಬೇಡಿ. ಕೆಮ್ಮುವವರ ಶ್ವಾಸಕೋಶಕ್ಕೆ ಹೊಗೆಯಿಂದ ಇನ್ನಷ್ಟು ತ್ರಾಸ ಆಗುತ್ತದೆ. ದೇವರ ಎದುರು ಊದುಬತ್ತಿ ಹಚ್ಚಿ, ರೋಗಿಯ ಕೋಣೆಯಲ್ಲಿ ಬೇಡ.

ಮನೆಯಲ್ಲಿ ಇರುವುದೇ ಎರಡು ಕೋಣೆ ಎನ್ನುವವರೂ ಇದ್ದೀರಿ. ಆಗ ರೋಗಿಯ ಹಾಸಿಗೆ ಕಿಟಕಿಯ ಬುಡಕ್ಕೆ ಹಾಕಿ. ಉಳಿದವರು ಆದಷ್ಟು ದೂರ, ರೋಗಿಯ ತಲೆ ಇರುವ ದಿಕ್ಕಿಗೆ ತಮ್ಮ ಕಾಲು ಬರುವ ಹಾಗೆ ಮಾಡಿ ಮಲಗಿ. ರೋಗಿ ಮಾಸ್ಕ್ ಹಾಕಿಕೊಳ್ಳಲಿ.

ಹಂತ 4: ಕೈ ತೊಳೆಯುವುದು

ಎಲ್ಲರಿಗೂ ಗೊತ್ತು, ಆದರೂ ಜಾಸ್ತಿ ತಪ್ಪಾಗುವುದು ಇಲ್ಲೇ. ಆದ್ದರಿಂದ ನಿಧಾನಕ್ಕೆ ಹೇಳುತ್ತೇನೆ.

ನಮ್ಮ ಹೆಚ್ಚಿನ ಮನೆಗಳಲ್ಲಿ ಬಚ್ಚಲಿನ ಹೊರಗೆ ಒಂದು ಬಕೆಟ್ ನೀರು, ಅದರೊಳಗೆ ಒಂದು ಚೆಂಬು ಇರುತ್ತದೆ. ರೋಗಿಯ ಮಲ ತೆಗೆದ ಕೈಯಲ್ಲೇ ಚೆಂಬಿನ ಕಂಠ ಹಿಡಿಯುತ್ತೇವೆ. ನೀರು ಹೊಯ್ದು, ಸಾಬೂನು ಹಾಕಿ, ತಿಕ್ಕಿ, ತೊಳೆಯಲು ಮತ್ತೆ ಅದೇ ಚೆಂಬು ಹಿಡಿಯುತ್ತೇವೆ. ಕಂಠದಲ್ಲಿದ್ದ ಕೊಳೆ ತೊಳೆದ ಕೈಗೆ ವಾಪಸು ಬಂತು. ಆಮೇಲೆ ಚೆಂಬನ್ನು ಬಕೆಟಿಗೆ ಹಾಕಿದೆವು, ಈಗ ಬಕೆಟಿನ ನೀರಿಗೂ ಹೋಯಿತು. ಇದಕ್ಕೆ ಉಪಾಯ ಮೂರು. ನಲ್ಲಿ ಇದ್ದರೆ ನಲ್ಲಿಯಲ್ಲೇ ತೊಳೆಯಿರಿ, ನಲ್ಲಿಯ ತಿರುಪಿಗೂ ಸಾಬೂನು ಹಚ್ಚಿ ತೊಳೆದು ಮುಚ್ಚಿ. ನಲ್ಲಿ ಇಲ್ಲದಿದ್ದರೆ ಇನ್ನೊಬ್ಬರು ನೀರು ಹೊಯ್ಯಲಿ. ಯಾರೂ ಇಲ್ಲದಿದ್ದರೆ ಕೆಳಗೆ ನಲ್ಲಿ ಇರುವ ಬಕೆಟ್ ಒಂದನ್ನು ಸ್ಟೂಲಿನ ಮೇಲೆ ಇಟ್ಟುಕೊಳ್ಳಿ.

ತೊಳೆಯುವ ಕ್ರಮ: ಉಂಗುರ, ಬಳೆ ತೆಗೆದಿಡಿ. ಕೈ ಒದ್ದೆ ಮಾಡಿ ಸಾಬೂನು ಹಚ್ಚಿ. ಅಂಗೈ, ಕೈಯ ಹಿಂಭಾಗ, ಬೆರಳ ಸಂದು, ಹೆಬ್ಬೆರಳಿನ ಸುತ್ತ, ಉಗುರಿನ ತುದಿ, ಮಣಿಕಟ್ಟು. ಕನಿಷ್ಠ 20 ಸೆಕೆಂಡು ತಿಕ್ಕಬೇಕು. ಹೆಬ್ಬೆರಳು ಮತ್ತು ಉಗುರಿನ ತುದಿ, ಇವೆರಡನ್ನೇ ಜನ ಬಿಡುವುದು. ಉಗುರು ಕತ್ತರಿಸಿಯೇ ಇರಲಿ. ಒರೆಸಲು ನಿಮಗೇ ಬೇರೆ ಬೈರಾಸು ಇಟ್ಟುಕೊಳ್ಳಿ. ಸೆರಗಿಗೋ ಲುಂಗಿಗೋ ಒರೆಸಿದರೆ ತೊಳೆದದ್ದು ಲೆಕ್ಕಕ್ಕಿಲ್ಲ.

ಯಾವಾಗ ತೊಳೆಯಬೇಕು? ರೋಗಿಯ ಕೋಣೆಗೆ ಹೋಗುವ ಮೊದಲು, ಬಂದ ಮೇಲೆ. ಮಲ, ಮೂತ್ರ, ಕಫ, ಗಾಯ ಮುಟ್ಟಿದ ಮೇಲೆ. ಗ್ಲೌಸ್ ತೆಗೆದ ಮೇಲೆ. ಅಡಿಗೆಗೆ ಮುಂಚೆ, ಉಣ್ಣುವ ಮುಂಚೆ. ರೋಗಿಯ ಕೈಯನ್ನೂ ತೊಳೆಸಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಸ್ಯಾನಿಟೈಸರ್ ಬಗ್ಗೆ: ಕನಿಷ್ಠ 60 ಶೇಕಡ ಆಲ್ಕೋಹಾಲ್ ಇರುವುದನ್ನು ತನ್ನಿ. ಕೈಯಲ್ಲಿ ಕಣ್ಣಿಗೆ ಕಾಣುವ ಕೊಳೆ ಇದ್ದರೆ ಅದು ಕೆಲಸ ಮಾಡುವುದಿಲ್ಲ. ವಾಂತಿಭೇದಿ ತರುವ ಕೆಲವು ವೈರಸ್‌ಗಳೂ ಅದಕ್ಕೆ ಬಗ್ಗುವುದಿಲ್ಲ. ಭೇದಿ ಇರುವ ಮನೆಯಲ್ಲಿ ಸಾಬೂನು ನೀರೇ ಗತಿ.

ಹಂತ 5: ಮಾಸ್ಕ್ ಮತ್ತು ಗ್ಲೌಸ್

ಕೆಮ್ಮು ಇರುವವರು ಸರ್ಜಿಕಲ್ ಮಾಸ್ಕ್ ಹಾಕಲಿ. ಕೋಣೆಗೆ ಹೋಗುವ ನೀವು ಎನ್95 ಹಾಕಿ. ಮೂಗಿನ ಮೇಲಿನ ಪಟ್ಟಿ ಒತ್ತಿ, ಉಸಿರು ಬಿಟ್ಟಾಗ ಬದಿಯಿಂದ ಗಾಳಿ ಹೋಗಬಾರದು. ರೋಗಿಗೆ ವಾಲ್ವ್ ಇರುವ ಮಾಸ್ಕ್ ಕೊಡಬೇಡಿ, ಅವರ ಉಸಿರು ಸೋಸದೆ ಹಾಗೇ ಹೊರಗೆ ಬರುತ್ತದೆ. ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಮಾತಾಡಿ ಮತ್ತೆ ಏರಿಸಬೇಡಿ. ಒದ್ದೆಯಾದರೆ ಬದಲಿಸಿ. ತೆಗೆಯುವಾಗ ಕಿವಿಯ ದಾರ ಹಿಡಿದು ತೆಗೆಯಿರಿ, ಎದುರಿನ ಭಾಗ ಮುಟ್ಟಬೇಡಿ. ಉಸಿರಾಡಲು ಕಷ್ಟ ಇರುವ ರೋಗಿಗೆ, ಎರಡು ವರ್ಷದ ಒಳಗಿನ ಮಗುವಿಗೆ ಮಾಸ್ಕ್ ಬೇಡ.

ಗ್ಲೌಸ್ ಬೇಕಾದದ್ದು ಮಲ, ಮೂತ್ರ, ರಕ್ತ, ವಾಂತಿ, ಗಾಯದ ಕೆಲಸಕ್ಕೆ. ತಲೆ ನೇವರಿಸಲು, ಗಂಜಿ ಕೊಡಲು ಅದು ಬೇಡ. ಗ್ಲೌಸ್ ಹಾಕಿದ ಕೈಯಲ್ಲಿ ಮೊಬೈಲು, ಬಾಗಿಲ ಹಿಡಿ, ಲೈಟಿನ ಸ್ವಿಚ್ ಮುಟ್ಟುವುದು ದೊಡ್ಡ ತಪ್ಪು. ಕೆಲಸ ಮುಗಿದ ಕೂಡಲೇ ಒಳಗಿನದು ಹೊರಗೆ ಬರುವ ಹಾಗೆ ಮಗುಚಿ ತೆಗೆಯಿರಿ, ಕೈ ತೊಳೆಯಿರಿ.

ಹಂತ 6: ಬ್ಲೀಚಿಂಗ್ ನೀರು ಮಾಡುವುದು, ವಾಂತಿ ಭೇದಿ ತೆಗೆಯುವುದು

ಅಂಗಡಿಯಲ್ಲಿ ಸಿಗುವ ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು 30 ಶೇಕಡ ಕ್ಲೋರಿನ್ ಇರುತ್ತದೆ. ಸೋಂಕು ಕೊಲ್ಲುವುದು ಇದೇ ಕ್ಲೋರಿನ್. ಮಳೆಗಾಲದ ತೇವಕ್ಕೆ ಅದು ಹಾರಿಹೋಗಿ ಬರೀ ಬಿಳಿ ಹುಡಿ ಉಳಿಯುತ್ತದೆ. ಚೀಲ ತೆರೆದಾಗ ಖಾರವಾದ ವಾಸನೆ ಬಾರದಿದ್ದರೆ ಅದು ಹಳತು, ತರಬೇಡಿ. ಮನೆಯಲ್ಲಿ ಅಳೆಯುವ ಗೋಜು ಬೇಡ ಎಂದರೆ ಅಂಗಡಿಯಲ್ಲೇ 30 ಗ್ರಾಂನ ಪೊಟ್ಟಣಗಳಾಗಿ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿಸಿಕೊಳ್ಳಿ. ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಗಟ್ಟಿ ನೀರು: 1 ಲೀಟರ್ ನೀರಿಗೆ 30 ಗ್ರಾಂ ಪೌಡರ್. ವಾಂತಿ, ಮಲ, ರಕ್ತ ಬಿದ್ದ ಜಾಗಕ್ಕೆ ಇದು.

ತೆಳು ನೀರು: ಗಟ್ಟಿ ನೀರಿನ ಒಂದು ಪಾಲಿಗೆ ಒಂಬತ್ತು ಪಾಲು ನೀರು. ನೆಲ, ಕಕ್ಕಸು, ಬಾಗಿಲ ಹಿಡಿ, ಮಂಚದ ಕಟ್ಟೆ ಒರೆಸಲು ಇದು ಸಾಕು. ಕಬ್ಬಿಣ, ಸ್ಟೀಲು ಒರೆಸಿದರೆ ಹತ್ತು ನಿಮಿಷ ಬಿಟ್ಟು ಒಳ್ಳೆ ನೀರಿನಲ್ಲಿ ಮತ್ತೆ ಒರೆಸಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ.

ಪ್ಲಾಸ್ಟಿಕ್ ಬಕೆಟಿನಲ್ಲಿ, ಹೊರಗೆ ಗಾಳಿ ಇರುವ ಕಡೆ ಕದಡಿ. ತಣ್ಣೀರೇ ಬೇಕು, ಬಿಸಿನೀರು ಬೇಡ. ಆಯಾ ದಿನದ್ದು ಆಯಾ ದಿನವೇ ಮಾಡಿ. ದಮ್ಮಯ್ಯ, ಕಕ್ಕಸು ತೊಳೆಯುವ ಆಸಿಡಿನ ಜೊತೆ ಇದನ್ನು ಬೆರೆಸಬೇಡಿ. ವಿಷದ ಗಾಳಿ ಏಳುತ್ತದೆ, ಸಣ್ಣ ಬಚ್ಚಲಿನಲ್ಲಿ ಉಸಿರು ಕಟ್ಟುತ್ತದೆ. ಒಂದನ್ನು ಹಾಕಿ ಪೂರ್ತಿ ತೊಳೆದ ಮೇಲೆಯೇ ಇನ್ನೊಂದು.

ವಾಂತಿಯೋ ಭೇದಿಯೋ ನೆಲಕ್ಕೆ ಬಿದ್ದರೆ ಹೀಗೆ ಮಾಡಿ. ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆಯಿರಿ. ಮಾಸ್ಕ್, ಗ್ಲೌಸ್ ಹಾಕಿ. ಬಿದ್ದದ್ದರ ಮೇಲೆ ಹಳೆ ಪೇಪರು ಅಥವಾ ಹಳೆ ಬಟ್ಟೆ ಮುಚ್ಚಿ. ಅದರ ಮೇಲೆ ಗಟ್ಟಿ ನೀರನ್ನು ಅಂಚಿನಿಂದ ನಡುವಿಗೆ ನಿಧಾನಕ್ಕೆ ಹೊಯ್ಯಿರಿ. ಎತ್ತರದಿಂದ ಹೊಯ್ದರೆ ಸಿಡಿಯುತ್ತದೆ. ಅರ್ಧ ಗಂಟೆ ಬಿಡಿ. ಆಮೇಲೆ ಅಡಕೆ ಹಾಳೆಯ ತುಂಡಿನಿಂದಲೋ ದಪ್ಪ ರಟ್ಟಿನಿಂದಲೋ ಬಳಿದು ಕವರಿಗೆ ಹಾಕಿ ಕಟ್ಟಿ. ಹಿಡಿಸೂಡಿಯಲ್ಲಿ ಗುಡಿಸಲೇಬೇಡಿ, ಕಡ್ಡಿಗಳ ಸಂದಿನಲ್ಲಿ ಉಳಿದದ್ದು ಮನೆಯೆಲ್ಲ ಓಡಾಡುತ್ತದೆ. ಕೊನೆಗೆ ತೆಳು ನೀರಿನಲ್ಲಿ ಒರೆಸಿ.

ಘಮ್ ಎನ್ನುವ ಫಿನಾಯಿಲ್ ಹಾಕಿದರೆ ಸಾಲದಾ? ವಾಸನೆ ಒಳ್ಳೆಯದಿದೆ ಎಂದರೆ ಸೋಂಕು ಸತ್ತಿದೆ ಎಂದಲ್ಲ. ಭೇದಿ ತರುವ ವೈರಸ್‌ಗಳ ವಿಷಯದಲ್ಲಿ ಅದನ್ನು ನಂಬುವ ಹಾಗಿಲ್ಲ.

ಒಂದೇ ಕಕ್ಕಸು ಇರುವ ಮನೆಯಲ್ಲಿ ರೋಗಿ ಹೋಗಿ ಬಂದ ಮೇಲೆ ಪ್ರತಿ ಸಲ ತೆಳು ನೀರು ಹಾಕಿ, ಮಗ್ಗಿನ ಹಿಡಿ, ನಲ್ಲಿ, ಚಿಲಕ ಒರೆಸಿ. ರೋಗಿಗೆ ಮಗ್ ಬೇರೆ ಇದ್ದರೆ ಒಳ್ಳೆಯದು.

ಹಂತ 7: ಬಟ್ಟೆ ಮತ್ತು ಹಾಸಿಗೆ

ಕೊಳೆಯಾದ ಬಟ್ಟೆಯನ್ನು ಕೊಡವಬೇಡಿ, ಎದೆಗೆ ಅಪ್ಪಿ ಹಿಡಿದು ತರಬೇಡಿ. ಕೋಣೆಯಲ್ಲೇ ಬಕೆಟಿಗೆ ಹಾಕಿ ಬಕೆಟನ್ನೇ ಬಚ್ಚಲಿಗೆ ತನ್ನಿ. ಮಲ ಅಂಟಿದ್ದರೆ ಮೊದಲು ಕಕ್ಕಸಿಗೆ ಬಳಿದು ಹಾಕಿ. ಅಂಥ ಬಟ್ಟೆಯನ್ನು ಬಾವಿಕಟ್ಟೆಯಲ್ಲೋ ಕೆರೆಯಲ್ಲೋ ತೋಡಿನಲ್ಲೋ ತೊಳೆಯಬೇಡಿ.

ನಮ್ಮ ಮನೆಗಳಲ್ಲಿ ಒಂದು ಭಾಗ್ಯ ಇದೆ, ಬಚ್ಚಲಿನ ಹಂಡೆ. ಅಡಕೆ ಸಿಪ್ಪೆ ಒಟ್ಟಿ ಬೆಂಕಿ ಹಾಕಿದರೆ ಸುಡುನೀರು ಸದಾ ಸಿಗುತ್ತದೆ. ಕೈ ಇಡಲಾಗದಷ್ಟು ಬಿಸಿ ನೀರಿನಲ್ಲಿ ಸಾಬೂನು ಹುಡಿ ಹಾಕಿ ಅರ್ಧ ಗಂಟೆ ನೆನೆಸಿ, ಕೋಲಿನಲ್ಲಿ ಮಗುಚಿ, ಆಮೇಲೆ ಒಗೆಯಿರಿ. ಬಿಸಿಲಿದ್ದರೆ ಬಿಸಿಲಿಗೆ ಹಾಕಿ. ಆಟಿಯ ಮಳೆಯಲ್ಲಿ ಬಿಸಿಲು ಎಲ್ಲಿಂದ ಬರಬೇಕು, ಅಲ್ವಾ? ಬಚ್ಚಲಿನ ಒಲೆಯ ಮೇಲೆ ಹಗ್ಗ ಕಟ್ಟಿ ಪೂರ್ತಿ ಒಣಗಿಸಿ, ಇಸ್ತ್ರಿ ಹಾಕಿ. ಅರೆಬರೆ ಒಣಗಿದ್ದನ್ನು ರೋಗಿಗೆ ಉಡಿಸಬೇಡಿ.

ಕಜ್ಜಿ ಆದರೆ ಬಟ್ಟೆಯ ಜೊತೆ ಇನ್ನೊಂದು ಮುಖ್ಯ ಕೆಲಸ ಇದೆ. ತುರಿಕೆ ಇರಲಿ ಇಲ್ಲದಿರಲಿ, ಮನೆಯವರೆಲ್ಲ ಒಂದೇ ದಿನ ಮುಲಾಮು ಹಚ್ಚಿಕೊಳ್ಳಬೇಕು. ಒಬ್ಬರು ಬಿಟ್ಟರೂ ಅದು ಸುತ್ತಿ ಸುತ್ತಿ ಬರುತ್ತದೆ. ತೊಳೆಯಲಾಗದ ರಗ್ಗು, ದಿಂಬನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಡಿ. ಮೈ ಬಿಟ್ಟರೆ ಕಜ್ಜಿಯ ಹುಳ ಎರಡು ಮೂರು ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ.

ಹಂತ 8: ಊಟ, ಕುಡಿಯುವ ನೀರು, ಬಾವಿ

ಕಾಮಾಲೆ, ಟೈಫಾಯ್ಡ್, ಭೇದಿ ಇರುವವರು ಅಡಿಗೆಮನೆಗೆ ಹೋಗುವುದು ಬೇಡ. ಆರೈಕೆ ಮಾಡುವವರೇ ಅಡಿಗೆಯನ್ನೂ ಮಾಡಬೇಕಾದರೆ, ಮೊದಲು ಅಡಿಗೆ ಮುಗಿಸಿ ಆಮೇಲೆ ರೋಗಿಯ ಕೆಲಸಕ್ಕೆ ಕೈ ಹಾಕಿ. ಮಗು ಬಿಟ್ಟ ಗಂಜಿಯನ್ನು ‘ಹಾಳಾಗುವುದು ಬೇಡ’ ಎಂದು ತಾಯಿ ಉಣ್ಣುವ ಅಭ್ಯಾಸ ಇದೆಯಲ್ಲ, ಈ ದಿನಗಳಲ್ಲಿ ಅದನ್ನು ಬಿಡಿ. ತಟ್ಟೆ ಲೋಟ ಬಿಸಿನೀರು, ಸಾಬೂನಿನಲ್ಲಿ ತೊಳೆದರೆ ಸಾಕು, ಬಿಸಾಡಬೇಕಿಲ್ಲ.

ನೀರು ಕೊತಕೊತ ಕುದಿಯಬೇಕು, ಕುದಿ ಬಂದ ಮೇಲೆ ಇನ್ನೂ ಕೆಲವು ನಿಮಿಷ ಒಲೆಯ ಮೇಲೆ ಇರಲಿ. ಕೇರಳದಲ್ಲಿ ಹೋಟೆಲಿಗೆ ಹೋದರೂ ಮದುವೆಗೆ ಹೋದರೂ ಪದಿಮುಗ ಎಂಬ ಮರದ ಚಕ್ಕೆ ಹಾಕಿದ ಕೆಂಪು ಬಿಸಿನೀರು ಕೊಡುತ್ತಾರೆ. ಬಣ್ಣ ಇದೆ, ಬಿಸಿ ಇದೆ ಎಂದು ಕುಡಿಯುತ್ತೇವೆ. ಆದರೆ ಕುದಿಸಿದ ನೀರಿಗೆ ಬಾವಿಯ ತಣ್ಣೀರು ಬೆರೆಸಿ ಕುಡಿಯುವ ಹದಕ್ಕೆ ತರುವುದುಂಟು. ಅಲ್ಲಿಗೆ ಕುದಿಸಿದ್ದು ವ್ಯರ್ಥ. ಮನೆಯಲ್ಲೂ ಇದೇ ತಪ್ಪು ನಡೆಯುತ್ತದೆ. ನೀರು ತಾನಾಗಿ ಆರಲಿ.

ಕಾಮಾಲೆ ಬಂದ ಮನೆಯಲ್ಲಿ ಬಾವಿಗೆ ಕ್ಲೋರಿನ್ ಹಾಕಲೇಬೇಕು. ನಮ್ಮದು ಮುರಕಲ್ಲಿನ ನೆಲ, ತೂತುಗಳ ಮೂಲಕ ನೀರು ಸಲೀಸಾಗಿ ಇಳಿದು ಹರಿಯುತ್ತದೆ. ಕಕ್ಕಸು ಗುಂಡಿ ಬಾವಿಗೆ ಹತ್ತಿರ ಇದ್ದರೆ ಮಳೆಗಾಲದಲ್ಲಿ ಕೊಳೆ ಬಾವಿಗೆ ಸೇರುವುದು ಸುಲಭ. ಲೆಕ್ಕ ಹೀಗೆ. ದುಂಡಗಿನ ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ. ನೀರಿನ ಆಳದಿಂದ ಗುಣಿಸಿ. 3.14ರಿಂದ ಗುಣಿಸಿ 4ರಿಂದ ಭಾಗಿಸಿ. ಬಂದದ್ದನ್ನು 1,000ದಿಂದ ಗುಣಿಸಿದರೆ ಲೀಟರ್. 2 ಮೀಟರ್ ಅಗಲ, 3 ಮೀಟರ್ ನೀರು ಇದ್ದರೆ ಸುಮಾರು 9,400 ಲೀಟರ್. ಸಾಮಾನ್ಯವಾಗಿ 1,000 ಲೀಟರಿಗೆ 2.5 ಗ್ರಾಂ ಪೌಡರ್. ರೋಗ ಇರುವಾಗ ಅದರ ದುಪ್ಪಟ್ಟು, 5 ಗ್ರಾಂ. ಅಂದರೆ ಈ ಬಾವಿಗೆ 47 ಗ್ರಾಂ.

ಪೌಡರನ್ನು ನೇರ ಬಾವಿಗೆ ಸುರಿಯಬೇಡಿ. ಬಕೆಟಿನಲ್ಲಿ ಸ್ವಲ್ಪ ನೀರಿಗೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ಬಿಡಿ. ಸುಣ್ಣ ಅಡಿಗೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿ. ಅದನ್ನು ಹಗ್ಗ ಕಟ್ಟಿ ಬಾವಿಯ ಅಡಿಯ ತನಕ ಇಳಿಸಿ, ನಾಲ್ಕಾರು ಸಲ ಮೇಲೆ ಕೆಳಗೆ ಎಳೆದು ಕದಡಿ. ಒಂದು ಗಂಟೆ ನೀರು ಮುಟ್ಟಬೇಡಿ. ರಾತ್ರಿ ಹಾಕಿ ಬೆಳಿಗ್ಗೆ ಬಳಸುವುದು ಇನ್ನೂ ಸುಲಭ. ಆಮೇಲೂ ಕುಡಿಯಲು ಕುದಿಸಿಯೇ ಕುಡಿಯಿರಿ.

ಬಾಯಾರು, ಪೈವಳಿಕೆ ಕಡೆ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಕುಡಿಯುವವರಿದ್ದೀರಿ. ಹರಿಯುವ ನೀರಿಗೆ ಲೆಕ್ಕ ಹಾಕಿ ಕ್ಲೋರಿನ್ ಹಾಕಲಾಗದು. ನೀರು ಬಂದು ನಿಲ್ಲುವ ಟ್ಯಾಂಕಿಗೆ ಇದೇ ಲೆಕ್ಕದಲ್ಲಿ ಹಾಕಿ.

ಹಂತ 9: ಹಾಸಿಗೆ ಹಿಡಿದವರ ಆರೈಕೆ

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತ ಪಂಚಾಯತುಗಳಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಹಾಸಿಗೆಯಲ್ಲೇ ನೋಡಿಕೊಂಡ ತಾಯಂದಿರಿದ್ದಾರೆ. ಅವರ ಕೈಗೆ ಇರುವ ಅಭ್ಯಾಸ ಯಾವ ಲೇಖನಕ್ಕೂ ಇಲ್ಲ. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ಕೆಲವು ಮಾತು. ಇಲ್ಲಿ ಸೋಂಕು ರೋಗಿಯಿಂದ ನಿಮಗೆ ಬರುವುದಕ್ಕಿಂತ, ನಿಮ್ಮ ಕೈಯಿಂದ ರೋಗಿಗೆ ಹೋಗುವ ಅಪಾಯವೇ ಜಾಸ್ತಿ.

ಕ್ಯಾಥೆಟರ್, ಅಂದರೆ ಮೂತ್ರ ಹೋಗಲು ಹಾಕಿದ ಕೊಳವೆ, ಇದ್ದರೆ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ ಇರಬೇಕು, ಆದರೆ ನೆಲಕ್ಕೆ ತಾಗಬಾರದು. ಎಬ್ಬಿಸಿ ಕೂರಿಸುವಾಗ ಚೀಲವನ್ನು ಮಡಿಲಲ್ಲಿ ಇಟ್ಟರೆ ಮೂತ್ರ ವಾಪಸು ಹರಿದು ಸೋಂಕಾಗುತ್ತದೆ. ಮೂರರಲ್ಲಿ ಎರಡು ಪಾಲು ತುಂಬಿದಾಗ ಖಾಲಿ ಮಾಡಿ. ಕೊಳವೆಯ ಜೋಡಣೆ ಬಿಚ್ಚಬೇಡಿ.

ಬೆನ್ನುಹುಣ್ಣಿನ ಡ್ರೆಸ್ಸಿಂಗಿಗೆ ಮುಂಚೆಯೂ ಆಮೇಲೂ ಕೈ ತೊಳೆಯಿರಿ. ನರ್ಸ್ ಹೇಳದ ಎಲೆಯ ರಸ, ಹುಡಿ ಯಾವುದನ್ನೂ ಗಾಯಕ್ಕೆ ತುಂಬಬೇಡಿ. ಇನ್ಸುಲಿನ್ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ, ಚುಚ್ಚಿಕೊಳ್ಳುವುದು ಆಗಲೇ. ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ತುಂಬಿದ ಮೇಲೆ ಎಲ್ಲಿ ಕೊಡಬೇಕು ಎಂದು ಆರೋಗ್ಯ ಕೇಂದ್ರದಲ್ಲಿ ಕೇಳಿ. ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಡುವ ಪ್ಲಾಸ್ಟಿಕ್ ಚೀಲದಲ್ಲಿ ಸೂಜಿ, ರಕ್ತದ ಬಟ್ಟೆ, ಡಯಾಪರ್ ಸೇರಿಸಬೇಡಿ. ಅದನ್ನು ವಿಂಗಡಿಸುವವರೂ ನಮ್ಮ ಊರಿನ ಹೆಂಗಸರೇ. ಡಯಾಪರಿನ ಮಲವನ್ನು ಕಕ್ಕಸಿಗೆ ಹಾಕಿ, ಸುರುಳಿ ಸುತ್ತಿ ಕಟ್ಟಿಡಿ, ವಿಲೇವಾರಿಗೆ ಏನು ವ್ಯವಸ್ಥೆ ಇದೆ ಎಂದು ಪಂಚಾಯತಿನಲ್ಲಿ ವಿಚಾರಿಸಿ.

ಕೇರಳ ಸರ್ಕಾರ 2008ರಲ್ಲೇ ಪಾಲಿಯೇಟಿವ್ ಆರೈಕೆಗೆ ನೀತಿ ಮಾಡಿದೆ. ಪಾಲಿಯೇಟಿವ್ ಎಂದರೆ ದೀರ್ಘ ಕಾಯಿಲೆಯವರಿಗೆ ನೋವು ತಗ್ಗಿಸುವ, ಮನೆಗೇ ಬಂದು ನೋಡುವ ಆರೈಕೆ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬರುತ್ತಾರೆ. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ಹೇಳಿ ಹೆಸರು ಬರೆಸಿ. ಇದು ನಿಮ್ಮ ಹಕ್ಕು, ಸಂಕೋಚ ಬೇಡ.

ಹಂತ 10: ನೋಡಲು ಬರುವವರು

ಹಣ್ಣು ಹಿಡಿದುಕೊಂಡು ನೆಂಟರು ಬಂದೇ ಬರುತ್ತಾರೆ. ಬೇಡ ಎನ್ನಲು ದಾಕ್ಷಿಣ್ಯ. ಮೊದಲೇ ಕುಟುಂಬದ ವಾಟ್ಸಾಪಿಗೆ ಹಾಕಿಬಿಡಿ: ‘ಡಾಕ್ಟರು ಒಂದು ವಾರ ಯಾರೂ ಬರುವುದು ಬೇಡ ಎಂದಿದ್ದಾರೆ. ಸಂಜೆ ಫೋನ್ ಮಾಡಿ, ಮಾತಾಡುತ್ತಾರೆ.’ ಬಂದೇಬಿಟ್ಟರೆ ಜಗಲಿಯಲ್ಲಿ ಕೂರಿಸಿ. ಮಕ್ಕಳನ್ನು ಕರೆತರಬೇಡಿ ಎಂದು ನೇರ ಹೇಳಿ.

ಹಂತ 11: ಎಷ್ಟು ದಿನ, ಮತ್ತು ಮನೆ ಸಾಲದಾಗ

ಫ್ಲೂ: ಲಕ್ಷಣ ಸುರುವಾದ ಮೇಲೆ ಐದರಿಂದ ಏಳು ದಿನ. ಚಿಕನ್‌ಪಾಕ್ಸ್: ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವ ತನಕ. ಸ್ನಾನ ಮಾಡಬಾರದು ಎಂಬುದು ಸರಿಯಲ್ಲ, ಬೆಚ್ಚಗಿನ ನೀರಲ್ಲಿ ಮೃದುವಾಗಿ ಮೀಯಿಸಬಹುದು. ಕಾಮಾಲೆ (ಹೆಪಟೈಟಿಸ್ ಎ): ಕಣ್ಣು ಹಳದಿಯಾಗುವ ಮುಂಚಿನ ಎರಡು ವಾರವೇ ಜಾಸ್ತಿ ಹರಡುವ ಸಮಯ, ಆಮೇಲೂ ಸುಮಾರು ಒಂದು ವಾರ. ಸೋಂಕು ತಗಲಿದ 15ರಿಂದ 50 ದಿನದ ಒಳಗೆ ಮನೆಯವರಿಗೆ ಕಾಣಿಸಿಕೊಳ್ಳಬಹುದು, ಆದ್ದರಿಂದ ರೋಗಿ ಗುಣವಾದ ಮೇಲೂ ನೀರು, ಕೈ ವಿಷಯದಲ್ಲಿ ಸಡಿಲ ಬಿಡಬೇಡಿ. ಟೈಫಾಯ್ಡ್ ಜ್ವರ ಬಿಟ್ಟ ಮೇಲೂ ಕೆಲವರ ಮಲದಲ್ಲಿ ವಾರಗಟ್ಟಲೆ ಸೋಂಕು ಉಳಿಯುತ್ತದೆ. ಕ್ಷಯ: ಸರಿಯಾದ ಮದ್ದು ಸುರು ಮಾಡಿದ ಕೆಲವು ವಾರದಲ್ಲಿ ಹರಡುವುದು ತುಂಬ ಕಡಿಮೆಯಾಗುತ್ತದೆ. ಆದರೆ ಮದ್ದನ್ನು ಸಾಮಾನ್ಯವಾಗಿ 6 ತಿಂಗಳು, ಡಾಕ್ಟರು ನಿಲ್ಲಿಸಿ ಎನ್ನುವ ತನಕ ಬಿಡಬಾರದು. ಕಫವನ್ನು ಮುಚ್ಚಳ ಇರುವ ಡಬ್ಬಿಗೆ ಉಗುಳಿ ಕಕ್ಕಸಿಗೆ ಹಾಕಲಿ, ಅಂಗಳಕ್ಕೆ ಬೇಡ. ಮನೆಯವರು, ಮುಖ್ಯವಾಗಿ ಸಣ್ಣ ಮಕ್ಕಳು, ಪರೀಕ್ಷೆ ಮಾಡಿಸಿಕೊಳ್ಳಲೇಬೇಕು.

ಕೆಲವು ಕಾಯಿಲೆಯನ್ನು ಮನೆಯಲ್ಲಿ ನೋಡಿಕೊಳ್ಳುವ ಧೈರ್ಯ ಮಾಡಲೇಬಾರದು. 2018ರಲ್ಲಿ ಕೋಝಿಕ್ಕೋಡ್ ಕಡೆ ನಿಪಾ ಎಂಬ ಮಾರಕ ವೈರಸ್ ಜ್ವರ ಹರಡಿದ್ದು ಹೆಚ್ಚಾಗಿ ರೋಗಿಯ ಹತ್ತಿರ ಇದ್ದವರಿಗೇ. ಅಂಥ ಸುದ್ದಿ ಇರುವಾಗ ಜ್ವರದ ಜೊತೆ ಮಂಪರು, ಮಾತು ತಡವರಿಸುವುದು ಕಂಡರೆ ಕೂಡಲೇ ಕೆಳಗೆ ಕೊಟ್ಟ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ, ಅವರು ಹೇಳಿದ ಹಾಗೆ ರೋಗಿಯನ್ನು ಕರೆದುಕೊಂಡು ಹೋಗಿ.

ಬೇರೆ ಯಾವ ಕಾಯಿಲೆಯೇ ಇರಲಿ, ಇವು ಕಂಡರೆ ಕಾಯಬೇಡಿ: ಉಸಿರಾಟಕ್ಕೆ ಕಷ್ಟ, ಆಕ್ಸಿಮೀಟರಿನಲ್ಲಿ 94ಕ್ಕಿಂತ ಕಡಿಮೆ, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಫಿಟ್ಸ್, ಆರೆಂಟು ಗಂಟೆ ಮೂತ್ರ ಹೋಗದಿರುವುದು, ಕುಡಿದದ್ದೆಲ್ಲ ವಾಂತಿ, ಮಲದಲ್ಲಿ ರಕ್ತ, ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲೆ ವಿಪರೀತ ಹೊಟ್ಟೆನೋವು. ಆಂಬ್ಯುಲೆನ್ಸಿಗೆ 108. ಏನು ಮಾಡಬೇಕು ಎಂದು ಕೇಳಲು ಕೇರಳದ ಆರೋಗ್ಯ ಸಹಾಯವಾಣಿ ದಿಶಾ, 1056, ಹಗಲು ರಾತ್ರಿ ಸಿಗುತ್ತದೆ. ಆಂಬ್ಯುಲೆನ್ಸ್ ಬರುವ ಮೊದಲೇ ರೋಗ ಯಾವುದೆಂದು ಫೋನಿನಲ್ಲಿ ಹೇಳಿ, ಬರುವವರು ಮಾಸ್ಕ್, ಗ್ಲೌಸ್ ಹಾಕಿಕೊಂಡೇ ಬರಲಿ.